ಅಡಿಕೆಯ ಮರವೇರುವವರ ರಕ್ಷಾಪಟ್ಟಿಯೂ ತೋಟದ ಯಜಮಾನರ ಹೊಣೆಯೂ

ಅಡಿಕೆಯ ತೋಟವನ್ನು ಉಳ್ಳವರು ಗೊಬ್ಬರಕ್ಕೂ, ಸೊಪ್ಪಿಗೂ, ಬಸಿಗಾಲುವೆಗೂ, ಬೇಲಿಗೂ ವರ್ಷವರ್ಷವೂ ಹಣವನ್ನು ವೆಚ್ಚಮಾಡುತ್ತಾರೆ. ಮೈಲುತುತ್ತದ ಬೆಲೆಯು ಎಷ್ಟೇ ಏರಿದರೂ ಅದನ್ನು ಕೊಳ್ಳದೆ ಬಿಡುವುದಿಲ್ಲ. ಆದರೆ ಆ ಮದ್ದನ್ನು ಮರದ ತುದಿಗೆ ಒಯ್ದು ಗೊನೆಗೆ ಸಿಂಪಡಿಸುವ ಮನುಷ್ಯನ ಪ್ರಾಣರಕ್ಷಣೆಗೆಂದು ಲೆಕ್ಕದ ಪುಸ್ತಕದಲ್ಲಿ ಒಂದು ಬಾಬನ್ನು ತೆರೆದಿರುವ ಯಜಮಾನರು ವಿರಳವಾಗಿದ್ದಾರೆ. ಈ ಬಾಬು ಮಿಕ್ಕೆಲ್ಲ ಬಾಬುಗಳಿಗಿಂತ ಮೊದಲು ಬರತಕ್ಕದ್ದೆಂದೂ, ಅದನ್ನು ಕೂಲಿಯವನ ಇಷ್ಟಕ್ಕೆ ಬಿಡದೆ ಯಜಮಾನನೇ ಹೊರತಕ್ಕದ್ದೆಂದೂ ಇಲ್ಲಿ ಪ್ರತಿಪಾದಿಸಲಾಗಿದೆ.

ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಪರಿಶೋಧಿಸಿ ೧೯೧೦ ರಲ್ಲಿ ಅದರ ವಿಷಯವಾಗಿ ಗ್ರಂಥವನ್ನು ಪ್ರಕಟಿಸಿದರು. ಮೈಲುತುತ್ತವನ್ನೂ ಸುಣ್ಣವನ್ನೂ ಬೆರೆಸಿದ ಬೋರ್ಡೋ ದ್ರಾವಣವು ಕ್ರಮೇಣ ಮಲೆನಾಡಿನ ಮನೆಮನೆಯ ಮಾತಾಯಿತು. ಬೆಳೆಯನ್ನು ಉಳಿಸುವ ಮದ್ದು ಹೀಗೆ ದೊರೆತು ಒಂದು ಶತಮಾನವು ಕಳೆದಿದ್ದರೂ, ಮದ್ದನ್ನು ಮೇಲಕ್ಕೆ ಮುಟ್ಟಿಸುವವನ ಅಪಾಯವು ಬಹುಮಟ್ಟಿಗೆ ಹಾಗೆಯೇ ಉಳಿದಿದೆ.

ಅಪಾಯದ ಪ್ರಮಾಣವೆಷ್ಟೆಂಬುದನ್ನು ಸಾಮಾನ್ಯ ಲೆಕ್ಕದಿಂದಲೇ ತಿಳಿಯಬಹುದು. ಒಂಬತ್ತು ಅಡಿಗೊಂದರಂತೆ ಮರಗಳನ್ನು ನೆಟ್ಟರೆ ಎಕರೆಗೆ ಸುಮಾರು ೫೪೦ ಮರಗಳಾಗುವುವು. ಮುಂಗಾರು ಹಿಡಿಯುವ ಮೊದಲು ಒಂದು ಸಲವೂ, ೪೦-೪೫ ದಿನಗಳ ತರುವಾಯ ಇನ್ನೊಂದು ಸಲವೂ ಮದ್ದು ಹೊಡೆದು, ಮೂರು ಸಲ ಕೊನೆ ತೆಗೆದರೆ, ಒಂದು ಎಕರೆಯಲ್ಲಿಯೇ ಮನುಷ್ಯನು ವರ್ಷಕ್ಕೆ ೨,೭೦೦ ಸಲ ಮರದ ತಲೆಯ ಬಳಿ ನಿಂತು ಕೆಲಸಮಾಡಬೇಕಾಗುವುದು. ಇದರಲ್ಲಿ ಎರಡನೆಯ ಸಲದ ಮದ್ದಿನ ಕೆಲಸವು ಕಾಂಡವು ಜಾರುವ ಕಾಲದಲ್ಲಿಯೇ ಬರುತ್ತದೆ. ೫೦ ಅಡಿ ಎತ್ತರದಿಂದ ಕೈತಪ್ಪಿದವನು ಎರಡು ಸೆಕೆಂಡುಗಳು ತುಂಬುವುದರೊಳಗಾಗಿ ಗಂಟೆಗೆ ಸುಮಾರು ೬೦ ಕಿಲೋಮೀಟರುಗಳ ವೇಗದಿಂದ ನೆಲವನ್ನು ಮುಟ್ಟುತ್ತಾನೆ. ಎಷ್ಟೇ ನುರಿತ ಕೊನೆಗೌಡನಾದರೂ ಆ ಎರಡು ಸೆಕೆಂಡುಗಳಲ್ಲಿ ಮಾಡಬಹುದಾದುದು ಏನೂ ಇಲ್ಲ.

ಕಾಲಿಗೆ ಹಾಕುವ ತಳೆಯೂ ಕುಳಿತುಕೊಳ್ಳುವ ಮಣೆಯೂ ಹಿಂದಿನವರ ಬುದ್ಧಿವಂತಿಕೆಗೆ ಸಾಕ್ಷಿಗಳಾಗಿವೆ. ಆದರೆ ತಳೆಯು ಏರುವುದಕ್ಕೂ ಮಣೆಯು ಕುಳಿತಿರುವುದಕ್ಕೂ ಸಹಾಯಕವೇ ಹೊರತು, ಬೀಳುತ್ತಿರುವವನನ್ನು ಹಿಡಿದು ನಿಲ್ಲಿಸುವ ಶಕ್ತಿ ಅವೆರಡಕ್ಕೂ ಇಲ್ಲ. ಅಮೆರಿಕ ದೇಶದಲ್ಲಿ ಮರದ ಮೇಲೆ ಅಟ್ಟಣೆಯನ್ನು ಕಟ್ಟಿ ಕುಳಿತು ಬೇಟೆಯಾಡುವವರಿಗೆ ಅಲ್ಲಿಯ ಬೇಟೆಯ ಶಿಕ್ಷಕರು ಕಲಿಸುವ ಮೊದಲನೆಯ ಪಾಠವೇನೆಂದರೆ, ನೆಲದಿಂದ ಕಾಲನ್ನೆತ್ತಿದ ಕ್ಷಣದಿಂದ ಮರಳಿ ನೆಲವನ್ನು ಮೆಟ್ಟುವವರೆಗೆ ಮರಕ್ಕೆ ಕಟ್ಟಿಕೊಂಡೇ ಇರಬೇಕೆಂಬುದು. ಅಟ್ಟಣೆಯ ಮೇಲೆ ಸುಮ್ಮನೆ ಕುಳಿತಿರುವಾಗಿನದಕ್ಕಿಂತ ಹತ್ತುವಾಗ, ಇಳಿಯುವಾಗ ಮತ್ತು ಒಂದರಿಂದ ಇನ್ನೊಂದಕ್ಕೆ ಕಾಲಿಡುವಾಗಿನ ಅಪಾಯವೇ ದೊಡ್ಡದೆಂದು ಅವರು ಕಂಡುಕೊಂಡಿದ್ದಾರೆ. ಬೇಟೆಯ ಮಾತು ಇಲ್ಲಿಯ ತೋಟಗಾರನಿಗೆ ಬೇಡವಾದರೂ, ಮರದಿಂದ ಮರಕ್ಕೆ ದಾಟಿ ಕೆಲಸಮಾಡುವ ಮಲೆನಾಡಿನಲ್ಲಿ ಈ ಪಾಠವು ಇಮ್ಮಡಿಯಾಗಿ ಸಲ್ಲುವುದು.

ಆಯ್ಕೆ:— ಅಂಗಡಿಗಳಲ್ಲಿ ‘ಸೇಫ್ಟಿ ಬೆಲ್ಟು’ ಎಂಬ ಒಂದೇ ಹೆಸರಿನಿಂದ ಎರಡು ಬಗೆಯ ವಸ್ತುಗಳನ್ನು ಮಾರುತ್ತಾರೆ. ಸೊಂಟಕ್ಕೆ ಮಾತ್ರ ಕಟ್ಟುವ ಪಟ್ಟಿಯು ಒಂದು. ಹೆಗಲು, ಎದೆ, ಸೊಂಟ, ತೊಡೆಗಳನ್ನೆಲ್ಲ ಬಳಸಿ ಹಿಡಿಯುವ ಪೂರ್ಣಾಂಗದ ಪಟ್ಟಿಯು ಇನ್ನೊಂದು. ಬೆಲೆ ಕಡಿಮೆಯೆಂದು ಮೊದಲನೆಯದನ್ನು ಕೊಳ್ಳುವುದು ತಪ್ಪು. ಬಿದ್ದವನ ಭಾರವೆಲ್ಲವೂ ಹೊಟ್ಟೆಯ ಮೇಲೆಯೇ ಎರಗಿ ಒಳಗಿನ ಅಂಗಗಳು ಜಖಂ ಆಗಬಹುದು. ತಲೆಕೆಳಗಾದರೆ ಮನುಷ್ಯನು ಪಟ್ಟಿಯಿಂದ ಜಾರಿಹೋಗಲೂಬಹುದು. ಈ ಕಾರಣಗಳಿಂದಲೇ ಅಮೆರಿಕದ ಕಟ್ಟಡದ ಕೆಲಸಗಳಲ್ಲಿ, ಬೀಳುವುದನ್ನು ತಡೆಯುವುದಕ್ಕಾಗಿ ಸೊಂಟದ ಪಟ್ಟಿಯನ್ನು ಬಳಸುವುದನ್ನು ೧೯೯೮ ನೆಯ ಇಸವಿ ಜನವರಿ ೧ ರಿಂದ ಸರ್ಕಾರವು ನಿಲ್ಲಿಸಿತು. ಪೂರ್ಣಾಂಗದ ಪಟ್ಟಿಯಾದರೋ ಆಘಾತವನ್ನು ತೊಡೆಗಳಿಗೂ ಹೆಗಲುಗಳಿಗೂ ಹಂಚಿ, ಮನುಷ್ಯನನ್ನು ನೆಟ್ಟಗೆ ನಿಲ್ಲಿಸುವುದು.

ಭಾರತದಲ್ಲಿ ಇಂಥ ಪಟ್ಟಿಗಳಿಗೆ ಐ.ಎಸ್. ೩೫೨೧ ಎಂಬ ಮಾನಕವುಂಟು. ಆ ಸಂಖ್ಯೆಯೂ, ತಯಾರಾದ ತಿಂಗಳೂ, ತಾಳುವ ತೂಕವೂ ಹೊಲಿದ ಚೀಟಿಯ ಮೇಲೆ ಇರುವವೇ ಎಂಬುದನ್ನು ನೋಡಿ ಕೊಳ್ಳತಕ್ಕದ್ದು. ಏರುವವನ ತೂಕವೂ ಅವನು ಹೊತ್ತಿರುವ ಕತ್ತಿ, ಹಗ್ಗ ಮೊದಲಾದವುಗಳ ತೂಕವೂ ಸೇರಿ ಆ ಮಿತಿಯನ್ನು ಮೀರಬಾರದು. ಕೊಕ್ಕೆಗಳು ತಾವಾಗಿಯೇ ಮುಚ್ಚಿ ಬೀಗಿಕೊಳ್ಳುವಂಥವಾಗಿರಬೇಕು.

ಕಾಂಡವನ್ನು ಬಳಸುವ ಹಗ್ಗದ ವಿಷಯದಲ್ಲಿ ಅಡಿಕೆಯ ಮರವು ಮಿಕ್ಕ ಮರಗಳಂತಲ್ಲ. ಇದಕ್ಕೆ ಕೊಂಬೆಯಿಲ್ಲ, ಕಾಂಡವು ನುಣುಪು. ಸಡಿಲವಾದ ಬಳೆಯಂತೆ ಹಾಕಿದ ಹಗ್ಗವು ಮನುಷ್ಯನೊಡನೆ ಬುಡದವರೆಗೂ ಜಾರುವುದು. ಆದಕಾರಣ ಭಾರ ಬಿದ್ದಷ್ಟೂ ಕಾಂಡವನ್ನು ಬಿಗಿಯುವ ಕುಣಿಕೆಯೇ ಆಗಬೇಕು. ಇಂಥ ಕುಣಿಕೆಗಳು ಎರಡಿದ್ದು, ಒಂದನ್ನು ಬಿಚ್ಚಿ ಮೇಲಕ್ಕೆ ಅಥವಾ ಪಕ್ಕದ ಮರಕ್ಕೆ ಹಾಕುವಾಗ ಇನ್ನೊಂದು ಬಿಗಿದೇ ಇರತಕ್ಕದ್ದು. ಎರಡನ್ನೂ ಒಂದೇ ಕಾಲಕ್ಕೆ ಬಿಚ್ಚುವವನು ಪಟ್ಟಿಯನ್ನು ಧರಿಸಿಯೂ ಧರಿಸದವನಂತೆಯೇ ಸರಿ. ಹಗ್ಗದಲ್ಲಿ ಎರಡು ಅಡಿಗಿಂತ ಹೆಚ್ಚಿನ ಸಡಿಲವನ್ನು ಬಿಡದೆ, ಕುಣಿಕೆಯನ್ನು ಸೊಂಟಕ್ಕಿಂತ ಮೇಲೆಯೇ ಇರಿಸಿಕೊಳ್ಳಬೇಕು. ಬೀಳುವ ದೂರವು ಹೆಚ್ಚಿದಂತೆಲ್ಲ ಸೆಳೆತವೂ ಹೆಚ್ಚುವುದು.

ಧಾರಣೆ:— ತೊಡೆಯ ಪಟ್ಟಿಗಳನ್ನು ತೊಡೆಗೂ ಪಟ್ಟಿಗೂ ನಡುವೆ ಅಂಗೈಯು ಚಪ್ಪಟೆಯಾಗಿ ತೂರುವಷ್ಟು ಬಿಗಿಯಬೇಕು. ಮುಷ್ಟಿಯು ತೂರುವಂತಿದ್ದರೆ ಅದು ಸಡಿಲ. ಬೆನ್ನಿನ ಉಕ್ಕಿನ ಬಳೆಯು ಎರಡು ಹೆಗಲೆಲುಬುಗಳ ನಡುವೆ ಕೂರಬೇಕು. ಎಲ್ಲಿಯೂ ಪಟ್ಟಿಯು ತಿರುಚಿರಬಾರದು. ಹೊಸ ಪಟ್ಟಿಯನ್ನು ಧರಿಸಿದವನು ಮೊದಲು ನೆಲದಿಂದ ಎರಡು ಅಡಿ ಎತ್ತರದಲ್ಲಿ ಭಾರವನ್ನು ಬಿಟ್ಟು ತೂಗಿ ನೋಡಿ, ಅನಂತರವೇ ಮೇಲಕ್ಕೆ ಹೋಗತಕ್ಕದ್ದು.

ಪಟ್ಟಿಯು ಎಷ್ಟು ಗಟ್ಟಿಯಾಗಿದ್ದರೂ ಮರವು ಗಟ್ಟಿಯಾಗಿರದಿದ್ದರೆ ಅದು ಮನುಷ್ಯನನ್ನು ಬೀಳುವ ಮರಕ್ಕೇ ಕಟ್ಟಿಹಾಕಿದಂತಾಗುವುದು. ಅಣಬೆರೋಗದಿಂದ ಬುಡ ಕೊಳೆತ ಮರವನ್ನೂ, ನೈಋತ್ಯದ ಬಿಸಿಲು ಹೊಡೆದು ಕಾಂಡ ಬಿರಿದ ಮರವನ್ನೂ, ಸಿಡಿಲು ಬಡಿದ ಮರವನ್ನೂ ಏರಿಸಲೇಬಾರದು. ಇಂಥ ಮರಗಳಿಗೆ ಮಳೆಗಾಲಕ್ಕೆ ಮುಂಚೆಯೇ ಸುಣ್ಣದ ಗುರುತನ್ನು ಹಾಕಿಸುವುದು ಯಜಮಾನನ ಕೆಲಸ. ತೋಟದ ಒಂದೊಂದು ಮರವನ್ನೂ ಬಲ್ಲವನು ಅವನೇ ಹೊರತು ದಿನಗೂಲಿಗೆ ಬಂದವನಲ್ಲ.

ಸಂರಕ್ಷಣೆ:— ಮೈಲುತುತ್ತವು ಕಬ್ಬಿಣವನ್ನು ತಿನ್ನುವುದು; ಸುಣ್ಣದ ಕ್ಷಾರವು ಪಾಲಿಯೆಸ್ಟರ್ ಎಳೆಯನ್ನೂ, ಆಮ್ಲಗಳು ನೈಲಾನ್ ಎಳೆಯನ್ನೂ ಕೆಡಿಸುವುವು. ಆದುದರಿಂದ ಮದ್ದು ಹೊಡೆದ ದಿನ ಸಂಜೆಯೇ ಪಟ್ಟಿಯನ್ನು ತಿಳಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿನಲ್ಲಿ ಹರವಿದರೆ ಎಳೆಗಳು ಬಲವನ್ನು ಕಳೆದುಕೊಳ್ಳುವುವು. ಪ್ರತಿದಿನವೂ ಏರುವ ಮುನ್ನ ಹೊಲಿಗೆ, ಬಳೆ, ಕೊಕ್ಕೆಗಳನ್ನು ಬೆರಳಿನಿಂದ ತಡವಿ ನೋಡಬೇಕು. ಕತ್ತಿಯ ಗಾಯವಾಗಲಿ ಇಲಿ ಕಡಿದ ಗುರುತಾಗಲಿ ಕಂಡರೆ ಆ ಪಟ್ಟಿಯನ್ನು ತೆಗೆದಿಡಬೇಕು. ಒಂದು ಸಲ ಬಿದ್ದವನನ್ನು ತಡೆದು ನಿಲ್ಲಿಸಿದ ಪಟ್ಟಿಯು ನೋಡುವುದಕ್ಕೆ ಹೊಸದರಂತಿದ್ದರೂ ಮತ್ತೆ ಬಳಕೆಗೆ ಬಾರದು. ಅದನ್ನು ಕತ್ತರಿಸಿ ಬಿಸಾಡಬೇಕು.

ಪಟ್ಟಿಯು ಮನುಷ್ಯನನ್ನು ಹಿಡಿದು ನಿಲ್ಲಿಸಿದ ಮಾತ್ರಕ್ಕೆ ಕೆಲಸವು ಮುಗಿಯಲಿಲ್ಲ. ಅಲುಗಾಡದೆ ನೇತಾಡುವವನ ರಕ್ತವು ಕಾಲುಗಳಲ್ಲಿ ನಿಂತು ಎಚ್ಚರ ತಪ್ಪುವ ಸಂಭವವುಂಟು. ಅರ್ಧ ಗಂಟೆಯೊಳಗೇ ಪ್ರಾಣಕ್ಕೆ ಅಪಾಯವಾಗಬಹುದು. ಆದಕಾರಣ ಒಬ್ಬಂಟಿಗನನ್ನು ಎಂದಿಗೂ ಮರವೇರಿಸಬಾರದು. ಕೆಳಗೆ ನೇಣು ಹಿಡಿಯುವವನಲ್ಲದೆ, ಮೇಲಕ್ಕೇರಿ ಇಳಿಸಬಲ್ಲ ಇನ್ನೊಬ್ಬನೂ, ಇನ್ನೊಂದು ಪಟ್ಟಿಯೂ ಕೂಗಿಗೆ ಓಗೊಡುವಷ್ಟು ಹತ್ತಿರದಲ್ಲಿರಬೇಕು. ನೆಲಕ್ಕೆ ಬಿದ್ದವನನ್ನು ಕೈಕಾಲು ಹಿಡಿದು ಎತ್ತದೆ, ಬೆನ್ನೆಲುಬು ಅಲುಗದಂತೆ ಹಲಗೆಯ ಮೇಲೆ ಮಲಗಿಸಿ ಆಸ್ಪತ್ರೆಗೆ ಸಾಗಿಸತಕ್ಕದ್ದು.

ಆಕ್ಷೇಪಗಳು:— ತಾತ ಮುತ್ತಾತಂದಿರು ಪಟ್ಟಿಯಿಲ್ಲದೆ ಏರಲಿಲ್ಲವೇ ಎಂದು ಕೆಲವರು ಕೇಳುವರು. ಏರಿದರು ನಿಜ, ಬಿದ್ದವರ ಮನೆಗಳನ್ನು ಊರಿನ ಹಿರಿಯರು ಬೆರಳಿಟ್ಟು ತೋರಿಸಬಲ್ಲರು. ಪಟ್ಟಿಯಿಂದ ಕೈಗೆ ಅಡ್ಡಿಯಾಗುವುದೆಂದೂ ಸೆಕೆಯಾಗುವುದೆಂದೂ ಮರವೇರುವವರೇ ಹೇಳುವರು. ಮೊದಲ ಕೆಲವು ದಿನಗಳಲ್ಲಿ ಈ ಮಾತು ಸತ್ಯವೇ ಆಗಿದೆ. ಅಭ್ಯಾಸದಿಂದ ಅಡ್ಡಿಯು ತಗ್ಗುವುದು. ನಿಜವಾದ ಆಕ್ಷೇಪವು ಇವೆರಡೂ ಅಲ್ಲ, ಹೊತ್ತಿನದು. ಮರವೊಂದಕ್ಕೆ ಇಷ್ಟೆಂದು ಕೂಲಿಯನ್ನು ಗೊತ್ತುಮಾಡಿದಲ್ಲಿ, ಕುಣಿಕೆಯನ್ನು ಬಿಚ್ಚಿ ಹಾಕುವ ಪ್ರತಿಯೊಂದು ಕ್ಷಣವೂ ಕೆಲಸದವನ ಗಂಟಿನಿಂದಲೇ ಹೋಗುತ್ತದೆ. ಹೀಗಿರುವಲ್ಲಿ ಅವನು ಪಟ್ಟಿಯನ್ನು ಗೂಟಕ್ಕೆ ತೂಗುಹಾಕಿ ಹೋದರೆ ಅವನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಪಟ್ಟಿಯನ್ನು ಕೊಟ್ಟ ಯಜಮಾನನು ಅದನ್ನು ಕಟ್ಟಿಕೊಳ್ಳುವ ಹೊತ್ತಿಗೂ ಕೂಲಿಯನ್ನು ಕೊಡಬೇಕು. ಇಲ್ಲವಾದರೆ ಕೊಟ್ಟದ್ದು ತೋರಿಕೆಯ ಮಾತಾಗುವುದು. ತೋಟವನ್ನು ಚೇಣಿಗೆ ಕೊಡುವವರೂ ಕರಾರಿನಲ್ಲಿಯೇ ಈ ಷರತ್ತನ್ನು ಬರೆಯಿಸಬೇಕು. ಫಸಲನ್ನು ಚೇಣಿಗೆ ಕೊಡಬಹುದು, ಹೊಣೆಯನ್ನು ಕೊಡಲಾಗದು.

ಏರದೆಯೇ ಕೆಲಸವು ಸಾಗುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಈಚೆಗೆ ಬಳಕೆಗೆ ಬಂದಿರುವ ಕಾರ್ಬನ್ ಫೈಬರಿನ ದೋಟಿಯಿಂದ ನೆಲದ ಮೇಲೆಯೇ ನಿಂತು ಮದ್ದು ಹೊಡೆಯಲೂ ಕೊನೆ ತೆಗೆಯಲೂ ಸಾಧ್ಯವಾಗಿದೆ. ಆದರೆ ಕಾರ್ಬನ್ ಎಳೆಯು ವಿದ್ಯುತ್ತನ್ನು ಹರಿಯಿಸುವಂಥದು. ತಂತಿಗಳು ಹಾಯ್ದಿರುವ ಕಡೆ ಅದನ್ನು ಎತ್ತುವುದೆಂದರೆ ಒಂದು ಮೃತ್ಯುವನ್ನು ಬಿಟ್ಟು ಇನ್ನೊಂದನ್ನು ಕರೆದಂತೆಯೇ. ತೆಂಗಿನ ಮರಗಳಿಗೆ ಚೆಂಬೇರಿ ಮಾದರಿಯ ಏರುವ ಯಂತ್ರವಿದ್ದು, ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾಲಯವು ಅದಕ್ಕೆ ರಕ್ಷಣೆಯ ಜೋಡಣೆಯನ್ನು ರೂಪಿಸಿದೆ. ತೆಂಗು ಅಭಿವೃದ್ಧಿ ಮಂಡಳಿಯು ೨೦೧೧ ರಲ್ಲಿ ತೆಂಗಿನ ಮರದ ಸ್ನೇಹಿತರೆಂಬ ಹೆಸರಿನಿಂದ ತರುಣರಿಗೆ ಯಂತ್ರದ ಮೂಲಕ ಮರವೇರುವ ಶಿಕ್ಷಣವನ್ನು ಆರಂಭಿಸಿತು. ತೆಂಗಿಗೆ ಸಾಧ್ಯವಾದುದು ಅಡಿಕೆಗೆ ಏಕೆ ಸಾಧ್ಯವಾಗಬಾರದು?

ಗ್ರಾಮದ ಮುಖಂಡರಿಂದ ಆಗಬೇಕಾದುದು ಬಹಳವಿಲ್ಲ. ಸಣ್ಣ ಹಿಡುವಳಿದಾರನು ಎರಡು ಪಟ್ಟಿಗಳನ್ನು ಕೊಳ್ಳಲಾರದಿದ್ದರೆ, ಊರಿನ ಸಹಕಾರ ಸಂಘವು ನಾಲ್ಕೈದನ್ನು ತರಿಸಿಟ್ಟು ಸರದಿಯಂತೆ ಕೊಡಬಹುದು. ಮೇ ತಿಂಗಳಲ್ಲಿ, ಮದ್ದಿನ ಕೆಲಸಕ್ಕೆ ಮುಂಚೆ, ಊರಿನ ಕೊನೆಗೌಡರನ್ನೆಲ್ಲ ಒಂದು ದಿನ ಕೂಡಿಸಿ, ಅವರಲ್ಲಿಯೇ ನುರಿತವನೊಬ್ಬನಿಂದ ಪಟ್ಟಿಯನ್ನು ಧರಿಸುವ ಕ್ರಮವನ್ನು ತೋರಿಸಬಹುದು. ಆ ದಿನದ ಕೂಲಿಯನ್ನು ತೋಟದವರು ಹಂಚಿಕೊಳ್ಳಬಹುದು. ಪಟ್ಟಿಯಿಲ್ಲದೆ ಯಾರನ್ನೂ ಮರವೇರಿಸುವುದಿಲ್ಲವೆಂದು ಊರಿನವರೆಲ್ಲರೂ ಒಟ್ಟಾಗಿ ಗೊತ್ತುಮಾಡಿಕೊಂಡರೆ, ಒಬ್ಬನು ಹೊತ್ತನ್ನು ಉಳಿಸಿ ಇನ್ನೊಬ್ಬನು ನಷ್ಟಪಡುವ ಪ್ರಸಂಗವೇ ಬಾರದು.

ಮರವೇರುವವರು ವರ್ಷದಿಂದ ವರ್ಷಕ್ಕೆ ದೊರೆಯದಾಗುತ್ತಿದ್ದಾರೆಂದು ತೋಟಗಾರರು ಕೊರಗುತ್ತಾರೆ. ತಂದೆಯು ಬಿದ್ದು ಹಾಸಿಗೆ ಹಿಡಿದುದನ್ನು ಕಂಡ ಮಗನು ಆ ಕಸಬನ್ನು ಕೈಕೊಳ್ಳದಿದ್ದರೆ ಆಶ್ಚರ್ಯವೇನು? ಕೊಳೆತ ಗೊನೆಯು ಒಂದು ವರ್ಷದ ನಷ್ಟ; ಮುಂದಿನ ವರ್ಷ ಅದೇ ಮರವು ಮತ್ತೆ ಹಿಂಗಾರವನ್ನು ಬಿಡುವುದು. ಬಿದ್ದ ಮನುಷ್ಯನ ಮನೆಗೆ ಅಂಥ ಮುಂದಿನ ವರ್ಷವಿಲ್ಲ. ಬರುವ ಮುಂಗಾರಿಗೆ ಮೈಲುತುತ್ತವನ್ನು ತರಲು ಪೇಟೆಗೆ ಹೋಗುವ ಯಜಮಾನರು ಅದೇ ಚೀಟಿಯಲ್ಲಿ ಎರಡು ಪೂರ್ಣಾಂಗದ ಪಟ್ಟಿಗಳನ್ನೂ ಬರೆದುಕೊಂಡು ಹೋಗತಕ್ಕದ್ದು.