ಖಾಲಿ ಫೈಲಿನಿಂದಲೋ, ಸಿದ್ಧ ಟೆಂಪ್ಲೇಟಿನಿಂದಲೋ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಬಿಸಿಎ, ಡಿಪ್ಲೊಮಾ, ಎಂಜಿನಿಯರಿಂಗ್ ಓದುವ ಮಕ್ಕಳು ಕಡೆಯ ವರ್ಷದ ಪ್ರಾಜೆಕ್ಟಿಗೆ ವೆಬ್ ಆ್ಯಪ್ ಮಾಡುವುದು ಈಗ ಸಾಮಾನ್ಯ. ಹೆಚ್ಚಿನವರ ಆಯ್ಕೆ ಸಿಂಗಲ್ ಪೇಜ್ ಆ್ಯಪ್. ಪುಟ ಒಮ್ಮೆ ತೆರೆದರೆ ಮುಗಿಯಿತು. ಆಮೇಲೆ ಏನು ಒತ್ತಿದರೂ ಬೇಕಾದ ಭಾಗವಷ್ಟೇ ಬದಲಾಗುತ್ತದೆ, ಇಡೀ ಪುಟ ಮತ್ತೆ ಲೋಡ್ ಆಗುವುದಿಲ್ಲ. ರಿಯಾಕ್ಟ್, ವ್ಯೂ, ಆ್ಯಂಗ್ಯುಲರ್ ಎಲ್ಲಕ್ಕೂ ಸಿದ್ಧ ಸ್ಟಾರ್ಟರ್ ಟೆಂಪ್ಲೇಟುಗಳಿವೆ. ಕಲಿಯುವವರು ಮೊದಲ ದಿನವೇ ಅದನ್ನು ಹಿಡಿಯಬೇಕೆ? ಬೈಲಹೊಂಗಲದಲ್ಲಿ ಕಂಪ್ಯೂಟರ್ ಕಲಿಸುವ ಶಿಕ್ಷಕಿಯೊಬ್ಬರು ಹೌದು ಎನ್ನುತ್ತಾರೆ. ರಾಮದುರ್ಗದಿಂದ ಬೆಂಗಳೂರಿಗೆ ಹೋಗಿ ಇದೇ ಕೆಲಸದಲ್ಲಿರುವ ಡೆವಲಪರ್ ಒಬ್ಬರು ಬೇಡವೇ ಬೇಡ ಎನ್ನುತ್ತಾರೆ.

ಪರ: ಹಾಸು ಹೂಡಿದ ಮಗ್ಗದ ಮೇಲೆ ಕೂರಿಸಿ

ನನ್ನ ಕ್ಲಾಸಿಗೆ ಬರುವವರಲ್ಲಿ ಬಹಳಷ್ಟು ಮಕ್ಕಳು ಹತ್ತನೇ ತರಗತಿ ತನಕ ಕನ್ನಡ ಮಾಧ್ಯಮದಲ್ಲಿ ಓದಿದವರು. ಊರಿಗೆ ಹೋಗುವ ಸಂಜೆಯ ಬಸ್ಸಿನ ಮೇಲೆ ಒಂದು ಕಣ್ಣಿಟ್ಟೇ ಕೂತಿರುತ್ತಾರೆ. ಇವರಿಗೆ ಮೊದಲ ವಾರವೆಲ್ಲ ಟ್ಯಾಗುಗಳ ಪಟ್ಟಿ ಬರೆಸಿದರೆ ಎರಡನೇ ವಾರ ಬೆಂಚು ಖಾಲಿಯಾಗತೊಡಗುತ್ತದೆ. ‘ಇದು ನಮಗ ಬರೂದಲ್ಲ ಬಿಡ್ರಿ ಮೇಡಂ’ ಎಂಬ ಮಾತು ಬಾಯಿಗೆ ಬರುವ ಮೊದಲೇ ಅವರ ಕೈಯಿಂದ ಏನಾದರೂ ಒಂದು ಓಡಬೇಕು.

ಹಾಗಾಗಿ ನಾನು ವೀಟ್ ಟೆಂಪ್ಲೇಟಿನಿಂದ ಶುರುಮಾಡಿಸುತ್ತೇನೆ. ಒಂದು ಕಮಾಂಡ್ ಕೊಟ್ಟರೆ ಅದು ಪ್ರಾಜೆಕ್ಟಿನ ಹೆಸರು ಕೇಳುತ್ತದೆ, ರಿಯಾಕ್ಟ್ ಬೇಕೋ ವ್ಯೂ ಬೇಕೋ ಎಂದು ಕೇಳುತ್ತದೆ. ಬೇಕಾದದ್ದೆಲ್ಲ ಇನ್‌ಸ್ಟಾಲ್ ಆದ ಮೇಲೆ ‘ರನ್ ಡೆವ್’ ಅಂದರೆ 5173ನೇ ಪೋರ್ಟಿನಲ್ಲಿ ಪುಟ ತೆರೆಯುತ್ತದೆ. ನಡುವೆ ಒಂದು ಬಟನ್. ಒತ್ತಿದ ಹಾಗೆ ಅದರ ಮೇಲಿನ ಎಣಿಕೆ ಏರುತ್ತದೆ. ಐದಾರು ಸಲ ಒತ್ತಿಸುತ್ತೇನೆ. ಆಮೇಲೆ ಫೈಲು ತೆರೆಸಿ, ಬಟನ್ನಿನ ಮೇಲಿನ ಇಂಗ್ಲಿಷ್ ಪದ ಅಳಿಸಿ ‘ಜೋಳದ ಚೀಲ’ ಎಂದು ಟೈಪ್ ಮಾಡಿಸಿ ಸೇವ್ ಮಾಡಿಸುತ್ತೇನೆ. ರಿಫ್ರೆಶ್ ಒತ್ತಬೇಕಾಗಿಯೇ ಇಲ್ಲ, ಪರದೆಯ ಮೇಲೆ ಪದ ಬದಲಾಗಿರುತ್ತದೆ. ಎಣಿಕೆ ಐದಕ್ಕೆ ಬಂದಿದ್ದರೆ ಐದೇ ಇರುತ್ತದೆ, ಸೊನ್ನೆಗೆ ಇಳಿದಿರುವುದಿಲ್ಲ. ‘ಅದ ಹೆಂಗ್ರಿ ಮೇಡಂ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನನ್ನ ಪಾಠ ಶುರುವಾಗುವುದೇ ಆ ಪ್ರಶ್ನೆಯಿಂದ. ಡೇಟಾ ಎಲ್ಲಿದೆ, ಅದನ್ನು ತೋರಿಸುವ ಕೋಡ್ ಎಲ್ಲಿದೆ, ಅವೆರಡು ಬೇರೆ ಬೇರೆ ಏಕೆ ಎಂಬುದನ್ನು ಅಲ್ಲಿಂದ ಹೇಳಿಕೊಡಬಹುದು. ಕೇಳದೆ ಇದ್ದವರಿಗೆ ಹೇಳಿದ ಪಾಠ ಎಷ್ಟು ದಿನ ಉಳಿಯುತ್ತದೆ ಎಂಬುದು ಕಲಿಸುವವರಿಗೆಲ್ಲ ಗೊತ್ತು.

ಇಂಥ ಟೆಂಪ್ಲೇಟು ಸೋಮಾರಿಗಳಿಗಾಗಿ ಹುಟ್ಟಿದ್ದಲ್ಲ. ಫೇಸ್‌ಬುಕ್ 2013ರಲ್ಲಿ ರಿಯಾಕ್ಟನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಆದರೆ ಅದರಲ್ಲಿ ಒಂದು ಸಾಲು ಓಡಿಸಬೇಕೆಂದರೆ ಬೇಬಲ್, ವೆಬ್‌ಪ್ಯಾಕ್‌ಗಳನ್ನು ಜೋಡಿಸುವುದರಲ್ಲೇ ಹೊಸಬರ ದಿನಗಳು ಕಳೆದುಹೋಗುತ್ತಿದ್ದವು. ಆ ಕಷ್ಟ ಕಂಡೇ 2016ರಲ್ಲಿ ‘ಕ್ರಿಯೇಟ್ ರಿಯಾಕ್ಟ್ ಆ್ಯಪ್’ ಬಂತು. 2020ರಲ್ಲಿ ಇವಾನ್ ಯು ವೀಟ್ ತಂದರು. ಬೆಂಗಳೂರಿನ ಕಂಪನಿಯಲ್ಲಿ ಪಕ್ಕದ ಟೇಬಲ್ಲಿನ ಸೀನಿಯರ್ ಹತ್ತು ನಿಮಿಷದಲ್ಲಿ ಜೋಡಿಸಿ ಕೊಡುತ್ತಾನೆ. ಮುನವಳ್ಳಿಯಲ್ಲಿ ಮನೆಯ ಪಡಸಾಲೆಯಲ್ಲಿ ಕೂತು ಕಲಿಯುವ ಹುಡುಗಿಯ ಪಕ್ಕ ಅಂಥವರು ಯಾರೂ ಇಲ್ಲ. ಅನುಭವಸ್ಥರು ಮಾಡಿಟ್ಟ ಜೋಡಣೆ ಅವಳಿಗೆ ಸಿಗುವ ದಾರಿಯೆಂದರೆ ಈ ಟೆಂಪ್ಲೇಟೇ.

ರಾಮದುರ್ಗದ ಕೈಮಗ್ಗದ ಮನೆಗಳಲ್ಲಿ ಹೊಸಬರನ್ನು ಹಾಸು ಹೂಡಿದ ಮಗ್ಗದ ಮೇಲೆಯೇ ಕೂರಿಸುತ್ತಾರೆ. ಮೊದಲು ಲಾಳಿ ಎಸೆದು ಒಂದಿಷ್ಟು ಬಟ್ಟೆ ನೇಯಲಿ, ಹಣಿಗೆಯಲ್ಲಿ ಎಳೆ ಪೋಣಿಸುವುದನ್ನು ಆಮೇಲೆ ಕಲಿಯಲಿ ಎಂದು. ನಾನೂ ಅದನ್ನೇ ಕೇಳುತ್ತಿದ್ದೇನೆ.

ಟೆಂಪ್ಲೇಟನ್ನು ಕಣ್ಣು ಮುಚ್ಚಿ ಬಳಸಿ ಎನ್ನುತ್ತಿಲ್ಲ. ಮೊದಲ ದಿನವೇ ಮೂರು ತಿದ್ದುಪಡಿ ಮಾಡಿಸುತ್ತೇನೆ. ಇಂಡೆಕ್ಸ್ ಫೈಲಿನಲ್ಲಿ ಪುಟದ ಭಾಷೆ ಇಂಗ್ಲಿಷ್ ಎಂದಿರುತ್ತದೆ, ಅದು ಕನ್ನಡ ಎಂದಾಗಬೇಕು. ಇಲ್ಲದಿದ್ದರೆ ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ನಮ್ಮ ಅಕ್ಷರಗಳನ್ನು ಇಂಗ್ಲಿಷ್ ದನಿಯಲ್ಲಿ ಓದಲು ಹೋಗಿ ತಡಬಡಿಸುತ್ತದೆ. ಟ್ಯಾಬಿನ ಮೇಲೆ ತಮ್ಮ ಆ್ಯಪಿನ ಹೆಸರು ಬರಬೇಕು. ಮತ್ತು ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ಹಾಕಿ ಸಾಲಿನ ಎತ್ತರ ಹೆಚ್ಚಿಸಬೇಕು, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗಬಾರದು. ಇಷ್ಟಾದ ಮೇಲೆ ಪ್ಯಾಟಿ ದರದ ಆ್ಯಪ್: ನಾಲ್ಕು ಊರಿಗೆ ನಾಲ್ಕು ಬಟನ್, ಒತ್ತಿದ ಊರಿನ ಹತ್ತಿ, ಬಿಳಿಜೋಳ, ಕಡಲೆಯ ದರ. ಅಪ್ಪನಿಗೆ ತೋರಿಸಲು ಮನೆಗೆ ಒಯ್ಯಬಹುದಾದ ಕೆಲಸ ಅದು.

ವಿರೋಧ: ಎಳೆ ಕಡಿದದ್ದು ಕಾಣಬೇಕಲ್ಲ

ನಾನು ಮಗ್ಗದ ಸದ್ದಿನಲ್ಲೇ ಬೆಳೆದವನು, ಮೇಡಂ ಅವರ ಮಾತು ನಿಜ. ಆದರೆ ಮಗ್ಗದ ಮೇಲೆ ಕೂತ ಹುಡುಗನಿಗೆ ಎಳೆ ಕಡಿದರೆ ಕಣ್ಣೆದುರೇ ಕಾಣುತ್ತದೆ, ಕೈಚಾಚಿ ಗಂಟು ಹಾಕುತ್ತಾನೆ. ಟೆಂಪ್ಲೇಟಿನಲ್ಲಿ ಕಡಿಯುವ ಎಳೆ ಅವನು ಒಮ್ಮೆಯೂ ತೆರೆದು ನೋಡದ ಫೋಲ್ಡರಿನ ಒಳಗಿರುತ್ತದೆ.

ಊರಿನ ಹುಡುಗರಿಂದ ನನಗೆ ಬರುವ ಫೋನುಗಳಲ್ಲಿ ಒಂದು ದೂರು ಮತ್ತೆ ಮತ್ತೆ ಬರುತ್ತದೆ. ‘ಅಣ್ಣಾ, ಕ್ಲಿಕ್ ಮಾಡಿದ್ರ ಸವದತ್ತಿ ಪುಟ ಬರ್ತೈತಿ, ರಿಫ್ರೆಶ್ ಹೊಡದ್ರ 404 ಬರಾಕತ್ತೈತಿ.’ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿ ಇತ್ತು, ಹೋಸ್ಟ್ ಮಾಡಿದ ಮೇಲೆ ಹೀಗಾಯಿತು. ಕಾರಣ ಸರಳ. ಸರ್ವರಿನಲ್ಲಿ ಸವದತ್ತಿ ಎಂಬ ಪುಟವೇ ಇಲ್ಲ. ಇರುವುದು ಒಂದೇ ಇಂಡೆಕ್ಸ್ ಫೈಲು. ಬಟನ್ ಒತ್ತಿದಾಗ ಜಾವಾಸ್ಕ್ರಿಪ್ಟ್ ಮೇಲಿನ ವಿಳಾಸವನ್ನಷ್ಟೇ ಬದಲಾಯಿಸಿ ಪರದೆಯ ಭಾಗವನ್ನು ತಾನೇ ಬರೆದಿತ್ತು. ರಿಫ್ರೆಶ್ ಮಾಡಿದಾಗ ಬ್ರೌಸರ್ ಆ ವಿಳಾಸವನ್ನು ನಿಜವಾಗಿಯೂ ಸರ್ವರಿಗೆ ಕೇಳುತ್ತದೆ, ಸರ್ವರ್ ಇಲ್ಲ ಎನ್ನುತ್ತದೆ. ಟೆಂಪ್ಲೇಟಿನ ಜೊತೆ ಬರುವ ಡೆವ್ ಸರ್ವರ್ ಯಾವ ವಿಳಾಸ ಕೇಳಿದರೂ ಇಂಡೆಕ್ಸ್ ಫೈಲನ್ನೇ ಕೊಟ್ಟು ಈ ಕೊರತೆಯನ್ನು ಮುಚ್ಚಿಟ್ಟಿತ್ತು. ಸಿಂಗಲ್ ಪೇಜ್ ಆ್ಯಪ್ ಅಂದರೇನು ಎಂಬುದರ ತಿರುಳೇ ಇದು. ಅದನ್ನು ಮಾಡಿ ಮುಗಿಸಿದವನಿಗೇ ಅದು ಗೊತ್ತಿರುವುದಿಲ್ಲ.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಸೇವೆಯೊಂದರ ಗುಟ್ಟಿನ ಕೀಯನ್ನು ಎನ್ವ್ ಫೈಲಿನಲ್ಲಿಟ್ಟರೆ ಭದ್ರ ಎಂದು ನಂಬುತ್ತಾರೆ. ವೀಟ್‌ನಲ್ಲಿ ಅದರ ಹೆಸರಿನ ಮುಂದೆ ‘ವೀಟ್’ ಎಂದು ಸೇರಿಸಿದ ಕೂಡಲೇ ಆ ಕೀ ಬಿಲ್ಡ್ ಆದ ಫೈಲಿನೊಳಗೆ ಕೂತು ಪುಟ ತೆರೆದ ಪ್ರತಿಯೊಬ್ಬರ ಬ್ರೌಸರಿಗೂ ಹೋಗುತ್ತದೆ. ಡಾಕ್ಯುಮೆಂಟೇಶನ್‌ನಲ್ಲಿ ಈ ಎಚ್ಚರಿಕೆ ಇದೆ. ಓಡುತ್ತಿರುವುದನ್ನು ಕಂಡ ಮೇಲೆ ಅದನ್ನು ಓದುವವರು ಯಾರು?

ಎಲ್ಲಮ್ಮನ ಗುಡ್ಡಕ್ಕೆ ಬನ್ನಿ, ಭಾರತ ಹುಣ್ಣಿಮೆಯ ದಿನ. ಲಕ್ಷಾಂತರ ಜನ, ಎಲ್ಲರ ಕೈಯಲ್ಲೂ ಫೋನು, ನೆಟ್‌ವರ್ಕ್ ತೆವಳುತ್ತಿರುತ್ತದೆ. ಬಸ್ಸಿನ ವೇಳೆ ಹೇಳುವ ಆ್ಯಪೊಂದನ್ನು ಟೆಂಪ್ಲೇಟಿನಲ್ಲಿ ಮಾಡಿದ್ದೀರಿ ಎಂದುಕೊಳ್ಳಿ. ಇಂಡೆಕ್ಸ್ ಫೈಲಿನಲ್ಲಿ ಇರುವುದು ಒಂದು ಖಾಲಿ ಡಿವ್ ಮಾತ್ರ. ಜಾವಾಸ್ಕ್ರಿಪ್ಟ್ ಪೂರ್ತಿ ಇಳಿಯುವ ತನಕ ಪರದೆ ಬೆಳ್ಳಗೆ. ಮೊಮ್ಮಗಳ ಕೈ ಹಿಡಿದು ನಿಂತ ಅಜ್ಜಿಗೆ ಬಸ್ಸು ಎಷ್ಟೊತ್ತಿಗೆ ಎಂದು ಗೊತ್ತಾಗುವುದಿಲ್ಲ. ಅದೇ ಪಟ್ಟಿಯನ್ನು ಸಾದಾ ಎಚ್‌ಟಿಎಂಎಲ್‌ನಲ್ಲಿ ಬರೆದಿದ್ದರೆ ಬಂದಷ್ಟು ಸಾಲು ಬಂದ ಹಾಗೆ ಕಾಣುತ್ತಿತ್ತು. ಯಾವುದಕ್ಕೆ ಆ್ಯಪ್ ಬೇಕು, ಯಾವುದಕ್ಕೆ ಸಾದಾ ಪುಟ ಸಾಕು ಎಂಬ ವಿವೇಕ ಟೆಂಪ್ಲೇಟಿನಿಂದ ಶುರುಮಾಡಿದವರಿಗೆ ಬೆಳೆಯುವುದು ಕಷ್ಟ. ಅವರ ಕೈಲಿರುವುದು ಒಂದೇ ಉಪಾಯ.

ಟೆಂಪ್ಲೇಟುಗಳ ಆಯಸ್ಸೂ ಕಡಿಮೆ. ಕ್ರಿಯೇಟ್ ರಿಯಾಕ್ಟ್ ಆ್ಯಪನ್ನು ರಿಯಾಕ್ಟ್ ತಂಡ 2025ರ ಫೆಬ್ರುವರಿಯಲ್ಲಿ ಅಧಿಕೃತವಾಗಿ ಕೈಬಿಟ್ಟಿತು. ಅದಕ್ಕೂ ಮುಂಚೆ ರಿಯಾಕ್ಟ್ 19 ಬಂದಾಗಲೇ ಹೊಸ ಪ್ರಾಜೆಕ್ಟುಗಳು ಇನ್‌ಸ್ಟಾಲ್‌ನಲ್ಲೇ ಎಡವತೊಡಗಿದ್ದವು. ಅದೊಂದನ್ನೇ ಬಾಯಿಪಾಠ ಮಾಡಿದವರು ನಡುನೀರಿನಲ್ಲಿ ನಿಂತರು. ಜೊತೆಗೆ ಅದು ಎಳೆದು ತರುತ್ತಿದ್ದ ಪ್ಯಾಕೇಜುಗಳು ಸಾವಿರಕ್ಕೂ ಮಿಕ್ಕಿ. 2016ರ ಮಾರ್ಚಿನಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಬರೆದವರು ಹಿಂತೆಗೆದುಕೊಂಡಾಗ ಜಗತ್ತಿನ ದೊಡ್ಡ ದೊಡ್ಡ ಪ್ರಾಜೆಕ್ಟುಗಳು ಬಿಲ್ಡ್ ಆಗದೆ ನಿಂತವು. 2025ರ ಸೆಪ್ಟೆಂಬರಿನಲ್ಲಿ ಚಾಕ್, ಡೀಬಗ್ ಪ್ಯಾಕೇಜುಗಳನ್ನು ನೋಡಿಕೊಳ್ಳುತ್ತಿದ್ದವರನ್ನು ಸುಳ್ಳು ಇಮೇಲಿನಿಂದ ವಂಚಿಸಿ ಅವುಗಳೊಳಗೆ ಕಳ್ಳ ಕೋಡ್ ಸೇರಿಸಿದರು. ಟಿಮ್ ಬರ್ನರ್ಸ್-ಲೀ ಸರ್ನ್‌ನಲ್ಲಿ ಬರೆದ ಮೊಟ್ಟಮೊದಲ ವೆಬ್ ಪುಟಗಳು ಮಾತ್ರ ಇಂದಿನ ಬ್ರೌಸರಿನಲ್ಲೂ ತೆರೆಯುತ್ತವೆ.

ಒಂದು ತಿಂಗಳು ಕೊಡಿ. ಅದೇ ಪ್ಯಾಟಿ ದರ, ಒಂದೇ ಎಚ್‌ಟಿಎಂಎಲ್ ಫೈಲು, ಏನೂ ಇನ್‌ಸ್ಟಾಲ್ ಮಾಡದೆ. ವಿಳಾಸದ ಕೊನೆಗೆ ಹ್ಯಾಶ್ ಹಾಕಿ ಊರಿನ ಹೆಸರು ಬರೆದು, ಅದು ಬದಲಾದಾಗ ಪಟ್ಟಿಯನ್ನೂ ಬದಲಿಸುವ ಕೋಡ್ ಇಪ್ಪತ್ತು ಸಾಲು ದಾಟದು. ಅದನ್ನು ಕೈಯಾರೆ ಬರೆದವರಿಗೆ ಟೆಂಪ್ಲೇಟು ಬೇಕಾಗುವ ದಿನ ತಾನಾಗಿ ಬರುತ್ತದೆ. ಯಾಕೆ ಬೇಕು ಎಂದೂ ಅವರಿಗೆ ಗೊತ್ತಿರುತ್ತದೆ.

ಪರದವರ ಮರುಮಾತು

404ರ ಮಾತು ಒಪ್ಪಿದೆ. ಇನ್ನು ಮುಂದೆ ಹೋಸ್ಟಿಂಗನ್ನು ಕಡೆಗೆ ಇಡದೆ ಮೊದಲ ವಾರವೇ ಮಾಡಿಸುತ್ತೇನೆ. ನೆಟ್ಲಿಫೈನಲ್ಲಾದರೆ ಒಂದು ಸಾಲಿನ ರೀಡೈರೆಕ್ಟ್ಸ್ ಫೈಲು, ಗಿಟ್‌ಹಬ್ ಪೇಜಸ್‌ನಲ್ಲಾದರೆ ಇಂಡೆಕ್ಸ್ ಫೈಲಿನ ಇನ್ನೊಂದು ಪ್ರತಿಗೆ 404 ಎಂದು ಹೆಸರು. ಎರಡನ್ನೂ ತಪ್ಪು ಬಂದ ಮೇಲೆಯೇ ಹೇಳಿಕೊಡುತ್ತೇನೆ.

ಆದರೆ ಒಂದು ತಿಂಗಳು ಕೊಡಲಾರೆ. ಬೆಂಗಳೂರಿನಲ್ಲಿ ಕೂತವರಿಗೆ ಅದು ಒಂದು ತಿಂಗಳು. ಇಲ್ಲಿ ಸುಗ್ಗಿ ಬಂದರೆ ಹುಡುಗರು ಹೊಲದಲ್ಲಿರುತ್ತಾರೆ, ಹುಡುಗಿಯರಿಗೆ ಮನೆಯಲ್ಲಿ ‘ಇನ್ನೂ ಏನೂ ಕಲಿತಿಲ್ಲೇನು’ ಎಂಬ ಪ್ರಶ್ನೆ ಕಾದಿರುತ್ತದೆ. ವೀಟ್‌ನ ಪಟ್ಟಿಯಲ್ಲಿ ರಿಯಾಕ್ಟ್, ವ್ಯೂಗಳ ಜೊತೆಗೇ ‘ವೆನಿಲಾ’ ಎಂಬ ಆಯ್ಕೆಯೂ ಇದೆ: ಯಾವ ಫ್ರೇಮ್‌ವರ್ಕೂ ಇಲ್ಲದ ಸಾದಾ ಜಾವಾಸ್ಕ್ರಿಪ್ಟಿನ ಟೆಂಪ್ಲೇಟು, ಬಟನ್ನೂ ಅದೇ, ಎಣಿಕೆಯೂ ಅದೇ. ಮುಂದಿನ ಬ್ಯಾಚಿಗೆ ಅಲ್ಲಿಂದ ಶುರುಮಾಡಿಸುತ್ತೇನೆ, ನಿಮ್ಮ ಇಪ್ಪತ್ತು ಸಾಲನ್ನು ಅದರೊಳಗೇ ಬರೆಸುತ್ತೇನೆ. ರಾಮದುರ್ಗಕ್ಕೆ ಬಂದಾಗ ಒಂದು ಶನಿವಾರ ಬೈಲಹೊಂಗಲಕ್ಕೂ ಬನ್ನಿ. ಎನ್ವ್ ಫೈಲಿನ ಪಾಠ ನೀವೇ ಮಾಡಿ.