ಎರಡು ನಿಲ್ದಾಣಗಳ ನಡುವಣ ದಾರಿ

ಕಳೆದ ಶ್ರಾವಣದಲ್ಲಿ ಪಾಂಡವಪುರದ ಒಂದು ಮನೆಯಲ್ಲಿ ನಾವು ಪ್ರಸಾದಕ್ಕೆ ಕುಳಿತಿದ್ದಾಗ ಆ ಮನೆಯ ತಾಯಿ ಕೇಳಿದರು: "ಅಯ್ಯನವರೆ, ನನ್ನ ಮಗ ಇರುವುದು ಜರ್ಮನಿಯ ಫ್ರಾಂಕ್‌ಫರ್ಟಿನ ಆಚೆ. ಅಲ್ಲಿಂದ ಬೆಂಗಳೂರಿಗೆ ಒಂಬತ್ತು ಗಂಟೆಯಂತೆ. ಬೆಳಗ್ಗೆ ಹೊರಟವನು ರಾತ್ರಿ ಊಟಕ್ಕೆ ಮನೆಯಲ್ಲಿರಬೇಕಲ್ಲವೆ?" ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ, ನಾಗಮಂಗಲದ ಕಡೆಯ ಎಷ್ಟೋ ಮನೆಗಳಲ್ಲಿ ನಾವು ಕೇಳುತ್ತಿರುವ ಪ್ರಶ್ನೆಯಿದು.

ಆ ಎರಡು ನಿಲ್ದಾಣಗಳ ನಡುವೆ ಆಕಾಶಮಾರ್ಗದಲ್ಲಿ ಸುಮಾರು 7,400 ಕಿಲೋಮೀಟರು. ನಮ್ಮ ಹಿರಿಯರು ಹರದಾರಿ, ಗಾವುದವೆಂದು ಎಣಿಸಿದ್ದು ನಡೆಯುವ ದಾರಿಯನ್ನು. ಇದು ನೆಟ್ಟಗೆರೆಯ ಲೆಕ್ಕ. ಈ ಲೆಕ್ಕಕ್ಕೂ ನಮ್ಮ ಸೀಮೆಗೂ ನಂಟುಂಟು. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಆಂಗ್ಲ ಅಧಿಕಾರಿಯು ಮರುವರ್ಷವೇ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದು, ಮೈಸೂರು ಸೀಮೆಯನ್ನು ತ್ರಿಕೋನಗಳಿಂದ ಅಳೆಯತೊಡಗಿದನು. ಗೆರೆಯೇನೋ ನೇರವಾಯಿತು, ದಾರಿ ನೇರವಾಗಲಿಲ್ಲ.

"ಮೈಸೂರಿಗೇ ಬಂದಿಳಿಯಬಾರದೆ?" ಎಂದೂ ಆ ತಾಯಿ ಕೇಳಿದರು. 2010ರಲ್ಲಿ ಉದ್ಘಾಟನೆಯಾದ ಮಂಡಕಳ್ಳಿಯ ನಿಲ್ದಾಣದ ಓಡುದಾರಿ 1,740 ಮೀಟರು, ದೇವನಹಳ್ಳಿಯದು 4,000. ಸಾಗರ ದಾಟಿ ಬರುವ ದೊಡ್ಡ ವಿಮಾನಕ್ಕೆ ಮೈಸೂರಿನದು ಸಾಲದು. ಈ ಎರಡು ನಿಲ್ದಾಣಗಳ ನಡುವೆಯೇ ನೆಟ್ಟಗೆ ಸುಮಾರು 157 ಕಿಲೋಮೀಟರು, ರಸ್ತೆಯಲ್ಲಿ ಸುಮಾರು 190. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ದಶಪಥದಿಂದ ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಕೆಂಗೇರಿಯು ಹತ್ತಿರವಾಯಿತು, ನಿಜ. ಆದರೆ ನಿಲ್ದಾಣವಿರುವುದು ನಗರದ ಉತ್ತರದಲ್ಲಿ. ನಗರವನ್ನು ದಾಟುವುದರಲ್ಲಿಯೇ ಉಳಿದ ಹೊತ್ತೆಲ್ಲ ಕರಗಿಹೋಗುತ್ತದೆ. ನಾಗಮಂಗಲ, ಕೃಷ್ಣರಾಜಪೇಟೆಯವರಿಗೆ ಬೆಳ್ಳೂರು ಕ್ರಾಸ್, ಕುಣಿಗಲ್, ನೆಲಮಂಗಲ, ದೊಡ್ಡಬಳ್ಳಾಪುರದ ಮೇಲೆ ನಗರವನ್ನು ಹೊಗದೆಯೇ ದೇವನಹಳ್ಳಿಯನ್ನು ಸೇರುವ ಅನುಕೂಲವಿದೆ. ಹಿಂದುಳಿದ ತಾಲ್ಲೂಕೆಂದು ಮೂಗು ಮುರಿಯುವವರು ಇದನ್ನು ಗಮನಿಸಲಿ!

ಇಷ್ಟೆಲ್ಲ ಲೆಕ್ಕವೇಕೆಂದರೆ, ಒಮ್ಮೆ ನಾವೇ ತಪ್ಪಿದ್ದೇವೆ. ಕೆಲವು ವರ್ಷಗಳ ಹಿಂದೆ ಕೃಷ್ಣರಾಜಪೇಟೆಯ ಕಡೆಯ ಹಳ್ಳಿಯೊಂದರಲ್ಲಿ ವೃದ್ಧೆಯೊಬ್ಬರು ಲಿಂಗೈಕ್ಯರಾದರು. ಒಬ್ಬನೇ ಮಗ ಜರ್ಮನಿಯಲ್ಲಿದ್ದನು. ಒಂಬತ್ತು ಗಂಟೆಯ ದಾರಿಯೆಂದು ಯಾರೋ ಅಂದರು, ಮರುದಿನ ಬೆಳಗಿಗೆ ಬಂದಾನೆಂದು ನಾವೂ ನಂಬಿದೆವು. ಮಧ್ಯಾಹ್ನವಾದರೂ ಬರಲಿಲ್ಲ. ಬೇಸಗೆಯ ದಿನ, ಬಂಧುಗಳು ನಮ್ಮ ಮುಖವನ್ನು ನೋಡಿದರು, ನಾವು ಒಪ್ಪಿಗೆಯಿತ್ತೆವು. ಸಮಾಧಿಯ ಮೇಲಿನ ಮಣ್ಣು ಇನ್ನೂ ಹಸಿಯಾಗಿರುವಾಗ ಕಾರು ಬಂದು ನಿಂತಿತು. ಆತ ಯಾರನ್ನೂ ದೂರಲಿಲ್ಲ. ಮೊದಲೇ ಸರಿಯಾಗಿ ಲೆಕ್ಕ ಹಾಕಿದ್ದರೆ ಮಂಜುಗಡ್ಡೆಯ ಪೆಟ್ಟಿಗೆಯನ್ನು ತರಿಸಿ ಸಂಜೆಯವರೆಗೆ ಕಾಯಬಹುದಾಗಿತ್ತು.

ಆದುದರಿಂದ ಪಾಂಡವಪುರದ ತಾಯಿಗೆ ಒಂದು ಹಾಳೆಯ ಮೇಲೆ ಬರೆದುಕೊಟ್ಟೆವು: ಮಗನ ಮನೆಯಿಂದ ನಿಲ್ದಾಣಕ್ಕೆ ರೈಲಿನಲ್ಲಿ ಎರಡು ಗಂಟೆ, ಅಲ್ಲಿ ಕಾಯಲು ಮೂರು, ಹಾರಾಟ ಒಂಬತ್ತು, ಬೆಂಗಳೂರಿನಲ್ಲಿ ತಪಾಸಣೆ ಮತ್ತು ಸಾಮಾನಿಗೆ ಒಂದೂವರೆ, ಮನೆಗೆ ನಾಲ್ಕು. ಒಟ್ಟು ಇಪ್ಪತ್ತಕ್ಕೆ ಅರ್ಧ ಗಂಟೆ ಕಡಿಮೆ. ಆ ದಿನದ ವಿಮಾನ ತಪ್ಪಿದರೆ ಇನ್ನೊಂದು ದಿನ. ಅಲ್ಲಿಯ ಗಡಿಯಾರವು ನಮ್ಮದಕ್ಕಿಂತ ಬೇಸಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ.

ಹಾಳೆಯನ್ನು ಓದಿಸಿಕೊಂಡ ತಾಯಿ ಅದನ್ನು ಮಡಿಚಿ ಪಂಚಾಂಗದೊಳಗಿಟ್ಟರು. "ಹಾಗಾದರೆ ರಾತ್ರಿಯ ಊಟಕ್ಕಲ್ಲ, ಮರುದಿನದ ತಿಂಡಿಗೆ" ಎಂದರು.