ಮೊಬೈಲಿನ ಪಾತ್ರಧಾರಿಗಳಿಗೆ ಅರ್ಥಗಾರಿಕೆಯ ಪಾಠ

ಹೈಸ್ಕೂಲು ಮಕ್ಕಳು ರಾತ್ರಿ ಮೊಬೈಲು ಹಿಡಿದುಕೊಂಡು ಏನು ಮಾಡುತ್ತಾರೆಂದು ಹೆತ್ತವರು ಕೇಳುವುದುಂಟು. ಎಲ್ಲರೂ ಸಿನಿಮಾ ನೋಡುತ್ತಿರುವುದಿಲ್ಲ. ಕೆಲವರು ತಾವು ಓದಿದ ಅದ್ಭುತ ಕಾದಂಬರಿಗಳ ಪಾತ್ರಗಳಾಗಿ ಪರಸ್ಪರ ಮಾತಾಡುತ್ತಿರುತ್ತಾರೆ. ಒಬ್ಬಳು ಹ್ಯಾರಿ ಪಾಟರ್ ಕಥೆಯ ಹರ್ಮಾಯಿನಿ, ಒಬ್ಬ ಸ್ನೇಪ್ ಮೇಷ್ಟ್ರು, ಇನ್ನೊಬ್ಬ ಟೋಲ್ಕಿನ್ ಬರೆದ ಗ್ಯಾಂಡಾಲ್ಫ್ ಮುದುಕ. ಒಬ್ಬರು ಒಂದು ಮಾತು ಬರೆದರೆ ಎದುರಿನವರು ತಮ್ಮ ಪಾತ್ರಕ್ಕೆ ಒಪ್ಪುವ ಉತ್ತರ ಕೊಡಬೇಕು. ಆಟವೆಲ್ಲ ಇಂಗ್ಲಿಷಿನಲ್ಲಿ. ಇದನ್ನು ಕಂಡು ‘ಮಕ್ಕಳು ಹಾಳಾದರು’ ಎನ್ನುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಆಟ ಒಳ್ಳೆಯದೇ, ಅದನ್ನು ಚೆನ್ನಾಗಿ ಆಡುವ ವಿದ್ಯೆ ನಮ್ಮ ಮನೆಯಲ್ಲೇ ಇರುವಾಗ ನಾವು ಅದನ್ನು ಮಕ್ಕಳಿಗೆ ಕೊಡುತ್ತಿಲ್ಲ ಎಂಬುದೇ ದುಃಖದ ಸಂಗತಿ.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವನ್ನು ಹೊರತಂದರು. ಮೇಜಿನ ಸುತ್ತ ನಾಲ್ಕೈದು ಜನ ಕುಳಿತುಕೊಳ್ಳುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ವೇಷವಿಲ್ಲ, ರಂಗಸ್ಥಳವಿಲ್ಲ. ಈ ವಿವರಣೆ ಕೇಳಿದ ಕುಂಬಳೆ ಸೀಮೆಯ ಯಾರಿಗಾದರೂ ತಾಳಮದ್ದಳೆ ನೆನಪಾಗದೆ ಇರದು. ಅಲ್ಲಿಯೂ ಕಥೆ ನಡೆಸುವವರು ಭಾಗವತರು. ಚೆಂಡೆ ಮದ್ದಳೆಯ ಎದುರು ಪಂಚೆ ಶಾಲಿನಲ್ಲೇ ಕುಳಿತ ಅರ್ಥಧಾರಿ, ಪದ್ಯ ಮುಗಿದೊಡನೆ ವಾಲಿಯಾಗಿ, ಕರ್ಣನಾಗಿ, ಕೌರವನಾಗಿ ಆಶುವಾಗಿ ಮಾತು ಕಟ್ಟುತ್ತಾನೆ. ಪಾರ್ತಿಸುಬ್ಬನ ನಾಡಿನವರಾದ ನಾವು ಈ ವಿಷಯದಲ್ಲಿ ಯಾರಿಂದಲೂ ಸಾಲ ತರಬೇಕಾಗಿಲ್ಲ.

ಪಾತ್ರವನ್ನು ಚೆನ್ನಾಗಿ ವಹಿಸುವುದೆಂದರೇನು? ನಮ್ಮ ಹಿರಿಯ ಅರ್ಥಧಾರಿಗಳ ಮಾತುಗಾರಿಕೆಯಿಂದ ಹುಡುಗರು ಕಲಿಯಬಹುದಾದ ನಾಲ್ಕು ಸಂಗತಿಗಳನ್ನು ಹೇಳುತ್ತೇನೆ.

ಮೊದಲನೆಯದು, ಕಥೆಯ ಬೇಲಿ ದಾಟಬಾರದು. ವಾಲಿ ಎಷ್ಟೇ ವಾದಿಸಲಿ, ರಾಮನ ಬಾಣಕ್ಕೆ ಬಿದ್ದಾಗಿದೆ, ಎದ್ದು ಓಡುವಂತಿಲ್ಲ. ಆದರೆ ಬಿದ್ದಲ್ಲಿಂದಲೇ ಅವನು ಕೇಳಬಹುದಾದ ಪ್ರಶ್ನೆಗಳು ಎಷ್ಟಿಲ್ಲ! ನಾನು ನಿನಗೇನು ಮಾಡಿದ್ದೆ, ಮರೆಯಲ್ಲಿ ನಿಂತು ಹೊಡೆದದ್ದೇಕೆ, ರಾವಣನನ್ನು ಕಂಕುಳಲ್ಲಿ ಇರುಕಿದ ನನ್ನನ್ನು ಬಿಟ್ಟು ಸುಗ್ರೀವನ ಸ್ನೇಹವನ್ನೇಕೆ ಬಯಸಿದೆ? ಬೇಲಿ ಇರುವುದರಿಂದಲೇ ಮಾತಿಗೆ ಬಲ ಬರುತ್ತದೆ. ಮನಸ್ಸು ಬಂದಂತೆ ಪಾತ್ರಕ್ಕೆ ಹೊಸ ಶಕ್ತಿ, ಹೊಸ ಆಯುಧ ಕೊಡುತ್ತಾ ಹೋಗುವ ಹುಡುಗನ ಆಟ ಬೇಗ ಸಪ್ಪೆಯಾಗುವುದು ಇದೇ ಕಾರಣಕ್ಕೆ.

ಎರಡನೆಯದು, ಪಾತ್ರಕ್ಕೆ ಗೊತ್ತಿರುವಷ್ಟೇ ಮಾತಾಡಬೇಕು. ಕೃಷ್ಣನು ಜನ್ಮರಹಸ್ಯ ತಿಳಿಸುವ ಮೊದಲಿನ ಕರ್ಣ ಬೇರೆ, ತಿಳಿದ ಮೇಲಿನ ಕರ್ಣ ಬೇರೆ. ಮೊದಲಿನವನ ಬಾಯಲ್ಲಿ ಪಾಂಡವರ ಮೇಲೆ ಅಣ್ಣನ ಮರುಕ ಬಂದರೆ ಸಭಿಕರು ನಗುತ್ತಾರೆ. ಸ್ನೇಪನ ಪಾತ್ರ ವಹಿಸುವ ಹುಡುಗನಿಗೂ ಇದೇ ಪರೀಕ್ಷೆ. ಕಡೆಯ ಪುಸ್ತಕದಲ್ಲಿ ಬಯಲಾಗುವ ಗುಟ್ಟನ್ನು ಅವನು ಮೊದಲ ಪುಸ್ತಕದ ತರಗತಿಯಲ್ಲಿ ಹೊರಗೆಡಹಕೂಡದು.

ಮೂರನೆಯದು, ದುಷ್ಟನು ತನ್ನನ್ನು ದುಷ್ಟನೆಂದು ತಿಳಿದಿರುವುದಿಲ್ಲ. ದಿವಂಗತ ಶೇಣಿ ಗೋಪಾಲಕೃಷ್ಣ ಭಟ್ಟರ (1918-2006) ರಾವಣ, ಮಾಗಧ, ಕೌರವರನ್ನು ಕೇಳಿದವರು ಇಂದಿಗೂ ನೆನೆಯುವುದು ಏತಕ್ಕೆ? ಆ ಪಾತ್ರಗಳಿಗೆ ಅವರು ಅವುಗಳದೇ ಆದ ನ್ಯಾಯವನ್ನು ಒದಗಿಸಿದರು. ಒಪ್ಪದ ಮನುಷ್ಯನ ಒಳಗೆ ನಿಂತು ಯೋಚಿಸಲು ಕಲಿತ ಹುಡುಗ ನಾಳೆ ಊರಿನ ಜಗಳದಲ್ಲಿಯೂ ಎರಡು ಪಕ್ಷವನ್ನು ಕೇಳಬಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಎದುರಿನವನಿಗೆ ಎಡೆ ಬಿಡಬೇಕು. ಎದುರು ಅರ್ಥಧಾರಿ ಬಾಯಿ ತೆರೆಯದಂತೆ ಗಂಟೆಗಟ್ಟಲೆ ಮಾತಾಡುವವನನ್ನು ಜನ ಮೆಚ್ಚುವುದಿಲ್ಲ. ಉತ್ತರ ಹುಟ್ಟುವಂತೆ ಪ್ರಶ್ನೆ ಇಡುವವನು ನಿಜವಾದ ಅರ್ಥಧಾರಿ. ಪ್ರಾಸದ ಮಾತಿಗೆ ಹೆಸರಾದ ಕುಂಬಳೆ ಸುಂದರ ರಾಯರು (1934-2022) ಇರಲಿ, ಬೇರೆ ಯಾರೇ ಇರಲಿ, ಒಳ್ಳೆಯ ಜೊತೆಯಿಲ್ಲದೆ ಒಬ್ಬರೇ ಕೂಟ ಗೆಲ್ಲಿಸಲಾರರು. ಪಾತ್ರ ಪಾತ್ರಕ್ಕೆ ಬೈಯಬಹುದು. ವ್ಯಕ್ತಿ ವ್ಯಕ್ತಿಗೆ ಬೈಯಕೂಡದು. ಮಂಗಳ ಹಾಡಿದ ಮೇಲೆ ರಾಮನೂ ವಾಲಿಯೂ ಒಂದೇ ಪಂಕ್ತಿಯಲ್ಲಿ ಕುಳಿತು ಕಾಫಿ ಕುಡಿಯಬೇಕು.

ಇಷ್ಟೆಲ್ಲ ಹೇಳುವುದು ಬರೇ ಆಟದ ಚಂದಕ್ಕಾಗಿ ಅಲ್ಲ. ನಮ್ಮಂತಹ ಗಡಿಯವರಿಗೆ ಇದು ಭಾಷೆಯ ಪ್ರಶ್ನೆ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋಯಿತೆಂಬುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅದೇ ದಿನ, ಅದೇ ಕಾಯಿದೆಯಿಂದ, ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ನಿರ್ಣಾ ವೃತ್ತವೊಂದನ್ನು ಬಿಟ್ಟು ಉಳಿದ ಜಹೀರಾಬಾದ ತಾಲೂಕು, ನ್ಯಾಲಕಲ್ ವೃತ್ತ, ಹಾಗೆಯೇ ಗುಲ್ಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಆಂಧ್ರಕ್ಕೆ ಸೇರಿದುವು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? 2014ರಿಂದ ಅವು ತೆಲಂಗಾಣದಲ್ಲಿವೆ. ಜಹೀರಾಬಾದ ನಾರಾಯಣಖೇಡಗಳು ಈಗ ಸಂಗಾರೆಡ್ಡಿ ಜಿಲ್ಲೆ, ತಾಂಡೂರು ವಿಕಾರಾಬಾದ್ ಜಿಲ್ಲೆ. ಅಲ್ಲಿಯೂ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಮತ್ತು ಉರ್ದು ಎಂಬ ಕುಟುಂಬಗಳಿವೆ. ನಮಗೆ ಮಲಯಾಳ ಇದ್ದಂತೆ ಅವರಿಗೆ ತೆಲುಗು.

ಕೇರಳದಲ್ಲಿ 2017ರಲ್ಲಿ, ತೆಲಂಗಾಣದಲ್ಲಿ 2018ರಲ್ಲಿ ರಾಜ್ಯಭಾಷೆಯನ್ನು ಶಾಲೆಗಳಲ್ಲಿ ಕಡ್ಡಾಯ ಮಾಡುವ ಕಾನೂನುಗಳಾದುವು. ಆ ಭಾಷೆಗಳನ್ನು ನಮ್ಮ ಮಕ್ಕಳು ಕಲಿಯಲಿ, ಚೆನ್ನಾಗಿಯೇ ಕಲಿಯಲಿ. ಆದರೆ ಕನ್ನಡ ಅಡುಗೆಮನೆಯ ನಾಲ್ಕು ಮಾತಿಗೆ ಇಳಿದರೆ ಗತಿಯೇನು? ‘ಊಟ ಆಯಿತೇ’, ‘ಬಾಗಿಲು ಹಾಕು’ ಎಂಬಷ್ಟೇ ಕನ್ನಡದಿಂದ ಭಾಷೆ ಉಳಿಯುವುದಿಲ್ಲ. ಕೋಪಿಸಿಕೊಳ್ಳಲು, ವಾದಿಸಲು, ಕ್ಷಮೆ ಬೇಡಲು, ವ್ಯಂಗ್ಯ ಮಾಡಲು, ಸಾಯುವಾಗ ಮಗನನ್ನು ಶತ್ರುವಿನ ಕೈಗೊಪ್ಪಿಸಲು ಬೇಕಾಗುವ ಕನ್ನಡ ಪಾಠಪುಸ್ತಕದ ಪ್ರಶ್ನೋತ್ತರದಿಂದ ಬರುವುದಿಲ್ಲ. ಅದು ಪಾತ್ರ ವಹಿಸಿದರೆ ಬರುತ್ತದೆ. ವಾಲಿಯ ಅರ್ಥ ಹೇಳುವ ಹುಡುಗನಿಗೆ ಆ ಮಾತುಗಳನ್ನು ಹುಡುಕದೆ ಬೇರೆ ದಾರಿಯಿಲ್ಲ.

ಹರ್ಮಾಯಿನಿಯೇ ಇಷ್ಟವೆಂದು ಹುಡುಗಿ ಹಠ ಹಿಡಿದರೆ ಹಾಗೆಯೇ ಆಗಲಿ, ಕನ್ನಡದಲ್ಲಾಗಲಿ. ಆ ಜಾಣೆ ಕನ್ನಡದಲ್ಲಿ ಹೇಗೆ ಗದರಿಸುತ್ತಾಳೆ? ಗ್ಯಾಂಡಾಲ್ಫ್ ನಮ್ಮ ಯಾವ ಅಜ್ಜನ ಹಾಗೆ ಮಾತಾಡುತ್ತಾನೆ? ಇದನ್ನು ಕಂಡುಹಿಡಿಯುವುದೇ ಒಂದು ಭಾಷಾಪಾಠ. ಗ್ರಂಥದ ಕನ್ನಡವೇ ಬೇಕೆಂದು ಹಿರಿಯರು ಅಡ್ಡಗಾಲು ಹಾಕಬಾರದು. ಹವ್ಯಕ ಮನೆಯ ವಾಲಿ ತನ್ನ ಮನೆಯ ಕನ್ನಡದಲ್ಲಿ, ಜಹೀರಾಬಾದಿನ ರಾಮ ಬೀದರ ಕಡೆಯ ಕನ್ನಡದಲ್ಲಿ ಮಾತಾಡಲಿ. ಅಲ್ಲಿಯ ಮಕ್ಕಳಿಗೆ ಬೇರೊಂದು ಅನುಕೂಲವೂ ಉಂಟು. ತಿರುಪತಿ ವೆಂಕಟ ಕವಿಗಳ ಭಾರತ ನಾಟಕಗಳಿಂದ ತೆಲುಗು ರಂಗದಲ್ಲಿ ಕೃಷ್ಣನ ರಾಯಭಾರ ಮನೆಮಾತಾಗಿದೆ. ನಮ್ಮ ‘ಕೃಷ್ಣ ಸಂಧಾನ’ಕ್ಕೂ ಕಥೆ ಅದೇ. ತೆಲುಗಿನಲ್ಲಿ ಕೇಳಿದ ಕೃಷ್ಣನನ್ನು ಕನ್ನಡದಲ್ಲಿ ಆಡಿಸುವುದು ಅವರಿಗೆ ಕಷ್ಟವಾಗದು.

ಒಂದು ಎಚ್ಚರಿಕೆ ಮಾತ್ರ ಬೇಕು. ತಾಳಮದ್ದಳೆಯಲ್ಲಿ ವಾಲಿಯಾಗಿ ಕುಳಿತವರು ಯಾರ ಮನೆಯವರೆಂದು ಸಭೆಗೆಲ್ಲ ಗೊತ್ತಿರುತ್ತದೆ. ಮೊಬೈಲಿನಲ್ಲಿ ಹಾಗಲ್ಲ. ಹದಿನಾಲ್ಕರ ಹುಡುಗಿಯೆಂದು ಬರೆಯುವವನು ನಲವತ್ತರ ಗಂಡಸಾಗಿರಬಹುದು. ಆದುದರಿಂದ ಪರಿಚಯವಿದ್ದ ಮನೆಗಳೇ ಸೇರಿ ಗುಂಪು ಮಾಡಿಕೊಳ್ಳಬೇಕು. ಹಿರಿಯರೊಬ್ಬರು ಭಾಗವತರ ಸ್ಥಾನದಲ್ಲಿರಬೇಕು. ಊರು, ಶಾಲೆ, ಫೋಟೋ ಯಾರಿಗೂ ಕಳಿಸಬಾರದು.

2020ರ ಕೊರೊನಾ ಕಾಲದಲ್ಲಿ ತಾಳಮದ್ದಳೆ ಕೂಟಗಳು ಅಂತರ್ಜಾಲದಲ್ಲಿಯೂ ನಡೆದುವು. ದೊಡ್ಡವರಿಗೆ ಸಾಧ್ಯವಾದದ್ದು ಮಕ್ಕಳಿಗೆ ಆಗದೆ? ವಾರಕ್ಕೊಮ್ಮೆ, ಅರ್ಧ ಗಂಟೆ, ಐದು ಮಕ್ಕಳು ಸಾಕು. ಮಂಜೇಶ್ವರದಿಂದ ಇಬ್ಬರು, ಬದಿಯಡ್ಕದಿಂದ ಒಬ್ಬ, ಜಹೀರಾಬಾದಿನಿಂದ ಒಬ್ಬಳು, ತಾಂಡೂರಿನಿಂದ ಒಬ್ಬ. ಟೈಪು ಮಾಡುವುದು ಬೇಡ, ಬಾಯಿಬಿಟ್ಟೇ ಮಾತಾಡಲಿ. ಖರ್ಚಿಲ್ಲ, ಸರಕಾರದ ಆದೇಶಕ್ಕೆ ಕಾಯಬೇಕಾಗಿಲ್ಲ. ಆ ಕಡೆ ಬಂಧುಗಳೋ ಸ್ನೇಹಿತರೋ ಇರುವ ಮನೆಯವರು ಈ ರಜೆಯಲ್ಲೇ ಒಂದು ಫೋನು ಮಾಡಿ ನೋಡಬಹುದು. ಮೊದಲ ಪ್ರಸಂಗ ಯಾವುದೆಂದು ಮಕ್ಕಳೇ ಆರಿಸಿಕೊಳ್ಳಲಿ.